ಮೊದಲ ಕಂಪನಿ ಫೋಟೊಶೂಟ್: ಕ್ಯಾಮೆರಾಗೂ ಮೊದಲು ಕಾಗದ

ಮದುವೆ, ನಾಮಕರಣ, ಪ್ರಿ-ವೆಡ್ಡಿಂಗ್ ಅಂತ ಓಡಾಡುವ ಫೋಟೊಗ್ರಾಫರ್‌ಗೆ ಪೀಣ್ಯದ ಒಂದು ಕಾರ್ಖಾನೆಯಿಂದ ಫೋನ್ ಬರುತ್ತದೆ ಎಂದುಕೊಳ್ಳಿ. ‘ಸರ್, ನಮ್ಮ ವೆಬ್‌ಸೈಟ್ ಹೊಸದಾಗಿ ಮಾಡ್ತಿದ್ದೀವಿ. ಮಷೀನ್‌ಗಳದ್ದು, ಶಾಪ್‌ಫ್ಲೋರ್‌ದು, ಮ್ಯಾನೇಜರ್‌ಗಳದ್ದು ಫೋಟೊ ಬೇಕು. ಎಷ್ಟಾಗುತ್ತೆ ಹೇಳಿ.’

ಇಲ್ಲಿ ಬಾಯಿಗೆ ಬಂದ ಸಂಖ್ಯೆ ಹೇಳಬೇಡಿ. ಒಮ್ಮೆ ಹೇಳಿದರೆ ಮುಗೀತು, ಆಮೇಲೆ ಚೌಕಾಸಿ ನಡೆಯುವುದು ಆ ಸಂಖ್ಯೆಯಿಂದ ಕೆಳಕ್ಕೇ. ‘ಏನೇನು ಬೇಕು ಅಂತ ಕೇಳ್ಕೊಂಡು ನಾಳೆ ಸಂಜೆಯೊಳಗೆ ಕೊಟೇಶನ್ ಮೇಲ್ ಮಾಡ್ತೀನಿ ಮೇಡಂ’ ಅಂದರೆ ಸಾಕು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಂಪನಿಯವರಿಗೆ ಇದೇ ಅಭ್ಯಾಸ.

ಮದುವೆಯಲ್ಲಿ ಕೆಲಸ ಒಪ್ಪಿಸಿದವರು, ಆಲ್ಬಮ್ ನೋಡುವವರು, ದುಡ್ಡು ಕೊಡುವವರು ಎಲ್ಲ ಒಂದೇ ಮನೆಯವರು. ಬಾಕಿ ಹಣಕ್ಕೆ ಹುಡುಗಿಯ ಅಪ್ಪನಿಗೆ ಒಂದು ಫೋನ್ ಹೊಡೆದರೆ ಆಯಿತು. ಕಂಪನಿಯಲ್ಲಿ ಹಾಗಲ್ಲ, ಮೂರು ಟೇಬಲ್ ದಾಟಬೇಕು. ನಿಮ್ಮನ್ನು ಕರೆಯುವುದು ಮಾರ್ಕೆಟಿಂಗ್ ಅಥವಾ ಎಚ್‌ಆರ್‌ನವರು. ರೇಟು ಇಳಿಸುವುದು ಪರ್ಚೇಸ್‌ನವರು. ದುಡ್ಡು ಹಾಕುವುದು ಅಕೌಂಟ್ಸ್‌ನವರು. ಈ ಮೂರನೇ ಟೇಬಲಿನವರು ನಿಮ್ಮ ಫೋಟೊ ನೋಡುವುದೇ ಇಲ್ಲ. ಅವರ ಮುಂದೆ ಬರುವುದು ನಿಮ್ಮ ಕಾಗದ ಮಾತ್ರ. ಹಾಗಾಗಿ ಮೊದಲ ಫೋನಿನಿಂದಲೇ ಅವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಕೆಲಸ ಮಾಡಬೇಕು.

ಮೊದಲು ಕೇಳಿ, ಆಮೇಲೆ ಲೆಕ್ಕ

ಎಷ್ಟು ಜನರ ಪೋರ್ಟ್ರೇಟ್? ಒಂದೇ ದಿನ ಎಲ್ಲರೂ ಸಿಗುತ್ತಾರಾ? ಮಷೀನ್ ಓಡುತ್ತಿರುವಾಗ ತೆಗೆಯಬೇಕಾ, ನಿಲ್ಲಿಸುತ್ತಾರಾ? ಕೊನೆಗೆ ಎಷ್ಟು ಫೋಟೊ ಬೇಕು, ಯಾವತ್ತಿಗೆ ಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ಈ ಫೋಟೊಗಳು ಎಲ್ಲೆಲ್ಲಿ ಬಳಕೆಯಾಗುತ್ತವೆ? ವೆಬ್‌ಸೈಟಿಗೆ ಮಾತ್ರವಾ, ವಾರ್ಷಿಕ ವರದಿಗೂ ಬೇಕಾ, ತುಮಕೂರು ರಸ್ತೆಯ ಹೋರ್ಡಿಂಗ್‌ಗೂ ಹೋಗುತ್ತವಾ? ಈ ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ರೇಟು ಬಹಳ ಮಟ್ಟಿಗೆ ಇದರ ಮೇಲೇ ನಿಂತಿರುತ್ತದೆ.

ಸಾಧ್ಯವಾದರೆ ಒಂದು ಸಲ ಹೋಗಿ ಜಾಗ ನೋಡಿ ಬನ್ನಿ. ಕಾರ್ಖಾನೆಯ ಒಳಗೆ ಬೆಳಕು ಹೇಗಿದೆ, ಲೈಟ್ ಸ್ಟ್ಯಾಂಡ್ ಇಡಲು ಜಾಗ ಇದೆಯಾ, ಫೋರ್ಕ್‌ಲಿಫ್ಟ್ ಓಡಾಡುವ ದಾರಿ ಎಲ್ಲಿದೆ ಎಂದೆಲ್ಲ ಫೋನಿನಲ್ಲಿ ತಿಳಿಯುವುದಿಲ್ಲ. ಹೋದಾಗ ಏನನ್ನು ತೆಗೆಯಬಾರದು ಅಂತಲೂ ಕೇಳಿ. ಆ ಕಾರ್ಖಾನೆ ಬೇರೆ ಯಾರಿಗೋ ಬಿಡಿಭಾಗ ಮಾಡಿಕೊಡುತ್ತಿರುತ್ತದೆ. ಗೋಡೆಯ ಮೇಲಿನ ಡ್ರಾಯಿಂಗ್, ಮ್ಯಾನೇಜರ್ ಬೆನ್ನ ಹಿಂದಿನ ವೈಟ್‌ಬೋರ್ಡ್‌ನಲ್ಲಿ ಬರೆದಿಟ್ಟ ತಿಂಗಳ ಟಾರ್ಗೆಟ್, ಕಂಪ್ಯೂಟರ್ ಪರದೆಯ ಮೇಲಿನ ಗ್ರಾಹಕರ ಹೆಸರು ಇವೆಲ್ಲ ಫ್ರೇಮಿನೊಳಗೆ ಬಂದರೆ ಇಡೀ ಫೋಟೊ ಕಸದ ಬುಟ್ಟಿಗೆ. ಗುಟ್ಟು ಕಾಯುವ ಕರಾರಿಗೆ, ಅಂದರೆ ಎನ್‌ಡಿಎಗೆ, ಸಹಿ ಕೇಳಿದರೆ ಪೂರ್ತಿ ಓದಿ ಸಹಿ ಹಾಕಿ. ನಿಮ್ಮ ಪೋರ್ಟ್‌ಫೋಲಿಯೊದಲ್ಲಿ ಹಾಕಿಕೊಳ್ಳುವುದಕ್ಕೂ ಅದರಲ್ಲಿ ತಡೆ ಇರಬಹುದು.

‘ಸರ್, ಹಾಗೇ ಒಂದು ಡ್ರೋನ್ ಶಾಟ್’ ಎಂಬ ಮಾತು ಬಂದೇ ಬರುತ್ತದೆ. ಸುಮ್ನೆ ಹೂಂ ಅನ್ನಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶ ಹಸಿರು, ಹಳದಿ, ಕೆಂಪು ವಲಯಗಳಾಗಿ ಹಂಚಿಹೋಗಿದೆ. ಬೆಂಗಳೂರಿನಲ್ಲಿ ವಿಮಾನ ನಿಲ್ದಾಣ, ವಾಯುಪಡೆಯ ನೆಲೆಗಳು ಬೇಕಾದಷ್ಟಿವೆ. ಯಾವ ಜಾಗ ಯಾವ ವಲಯದಲ್ಲಿದೆ ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಮಾತು ಕೊಡಬೇಡಿ. ಆಗುವ ಜಾಗವಾದರೆ ಅದಕ್ಕೆ ಬೇರೆ ರೇಟು ಹೇಳಿ.

ದಿನದ ರೇಟು ಎಷ್ಟು?

ಪಕ್ಕದ ಸ್ಟುಡಿಯೊದವರು ಎಷ್ಟು ತಗೋತಾರೆ ಅಂತ ವಿಚಾರಿಸುವುದು ಎರಡನೇ ಕೆಲಸ. ಮೊದಲು ನಿಮ್ಮ ಲೆಕ್ಕ ಆಗಲಿ. ವರ್ಷಕ್ಕೆ ಮನೆ ಖರ್ಚಿಗೆ 6 ಲಕ್ಷ ಬೇಕು ಅಂತಿಟ್ಟುಕೊಳ್ಳಿ. ಕ್ಯಾಮೆರಾ ಸವೆತ, ರಿಪೇರಿ, ಇನ್ಶೂರೆನ್ಸ್, ಸಾಫ್ಟ್‌ವೇರ್, ಹಾರ್ಡ್‌ಡಿಸ್ಕ್, ಸ್ಟುಡಿಯೊ ಬಾಡಿಗೆ ಸೇರಿ ಇನ್ನೊಂದು 2.4 ಲಕ್ಷ. ಒಟ್ಟು 8.4 ಲಕ್ಷ. ವರ್ಷದಲ್ಲಿ ನಿಜವಾಗಿ ದುಡ್ಡು ಬರುವ ಶೂಟ್ ದಿನಗಳು 60 ಆದರೆ, ದಿನಕ್ಕೆ 14 ಸಾವಿರ. ಅದಕ್ಕಿಂತ ಕಡಿಮೆಗೆ ಒಪ್ಪಿದರೆ ನೀವೇ ಕೈಯಿಂದ ಹಾಕಿದಂತೆ. ನಿಮ್ಮ ಸಂಖ್ಯೆಗಳು ಬೇರೆ ಇರುತ್ತವೆ, ಲೆಕ್ಕದ ದಾರಿ ಇದೇ.

60 ದಿನ ತೀರಾ ಕಡಿಮೆ ಅನ್ನಿಸಬಹುದು. ಒಂದು ಶೂಟ್ ದಿನದ ಹಿಂದೆ ಜಾಗ ನೋಡುವ ದಿನ, ಫೋಟೊ ಆರಿಸುವ ದಿನ, ತಿದ್ದುವ ದಿನ, ಬಿಲ್ಲಿಗೆ ಅಲೆಯುವ ದಿನ ಎಲ್ಲ ಇರುತ್ತವೆ ಅಲ್ವಾ? ಆಷಾಢ ಬೇರೆ ಬರುತ್ತದೆ.

ಕೊಟೇಶನ್‌ನಲ್ಲಿ ಎಲ್ಲವನ್ನೂ ಒಂದೇ ಮೊತ್ತಕ್ಕೆ ಸೇರಿಸಬೇಡಿ, ಬಿಡಿಸಿ ಬರೆಯಿರಿ. ಉದಾಹರಣೆಗೆ:

ಶೂಟಿಂಗ್, 2 ದಿನ, ದಿನಕ್ಕೆ 20,000: 40,000 ರೂ.
ಸಹಾಯಕ, 2 ದಿನ: 4,000 ರೂ.
ಲೈಟ್ ಬಾಡಿಗೆ, 2 ದಿನ: 6,000 ರೂ.
ಓಡಾಟ, ಊಟ: 2,000 ರೂ.
40 ಫೋಟೊ ಎಡಿಟಿಂಗ್, ಒಂದಕ್ಕೆ 300: 12,000 ರೂ.
ಒಟ್ಟು: 64,000 ರೂ.

ಬಿಡಿಸಿ ಬರೆಯುವುದರ ಲಾಭ ಪರ್ಚೇಸ್‌ನವರ ಫೋನ್ ಬಂದಾಗ ತಿಳಿಯುತ್ತದೆ. ‘ಸರ್, 50ಕ್ಕೆ ಮಾಡ್ಕೊಡಿ’ ಅಂದರೆ ‘ಆಯ್ತು ಸರ್, 25 ಫೋಟೊ ಕೊಡ್ತೀನಿ, ಒಂದೂವರೆ ದಿನದಲ್ಲಿ ಮುಗಿಸ್ತೀನಿ’ ಅನ್ನಬಹುದು. ರೇಟು ಇಳಿಯುವಾಗ ಕೆಲಸವೂ ಇಳಿಯಬೇಕು. ಸುಮ್ಮನೆ 14 ಸಾವಿರ ಬಿಟ್ಟುಕೊಟ್ಟರೆ ‘ಹಾಗಾದರೆ ಮೊದಲು ಜಾಸ್ತಿ ಹೇಳಿದ್ದರು’ ಎಂಬುದೇ ಅವರ ತಲೆಯಲ್ಲಿ ಉಳಿಯುತ್ತದೆ.

ಕೆಳಗೆ ಷರತ್ತುಗಳನ್ನು ಸೇರಿಸಿ. ಒಂದು ದಿನ ಎಂದರೆ 8 ಗಂಟೆ, ಮೇಲಿನ ಪ್ರತಿ ಗಂಟೆಗೆ ಇಷ್ಟು. ತಿದ್ದುಪಡಿ ಎರಡು ಸಲ ಮಾತ್ರ. ರಾ ಫೈಲ್ (ಕ್ಯಾಮೆರಾದ ತಿದ್ದದ ಮೂಲ ಫೈಲ್) ಕೊಡುವುದಿಲ್ಲ. ಶೂಟ್‌ಗೆ 48 ಗಂಟೆಗಿಂತ ಕಡಿಮೆ ಇರುವಾಗ ರದ್ದಾದರೆ ಅಡ್ವಾನ್ಸ್ ವಾಪಸ್ ಇಲ್ಲ. ಸಿಬ್ಬಂದಿಯ ಫೋಟೊ ಬಳಸಲು ಅವರ ಒಪ್ಪಿಗೆ ಪಡೆಯುವ ಹೊಣೆ ಕಂಪನಿಯದು. ಕೊಟೇಶನ್‌ಗೆ 30 ದಿನದ ಅವಧಿ.

ಫೋಟೊ ಯಾರದ್ದು?

ಕ್ಲಿಕ್ ಮಾಡಿದವರದ್ದೇ ಕಾಪಿರೈಟ್ ಎಂದು ನಮ್ಮಲ್ಲಿ ಬಹಳಷ್ಟು ಫೋಟೊಗ್ರಾಫರ್‌ಗಳು ನಂಬಿದ್ದಾರೆ. ವಿದೇಶದ ಯೂಟ್ಯೂಬ್ ಪಾಠಗಳನ್ನು ನೋಡಿ ಆ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಭಾರತದ ಕಾನೂನು ಬೇರೆ ಹೇಳುತ್ತದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೊಗೆ ಮೊದಲ ಮಾಲೀಕರು ತೆಗೆಸಿದವರೇ. ಬೇರೆ ಒಪ್ಪಂದ ಇಲ್ಲದಿದ್ದರೆ ಮಾತ್ರ ಹೀಗೆ. ನಿಮ್ಮ ಹಕ್ಕೆಲ್ಲ ಇರುವುದು ಆ ಒಪ್ಪಂದದಲ್ಲಿ. ಒಪ್ಪಂದ ಇಲ್ಲದೆ ಶೂಟ್ ಮುಗಿಸಿದರೆ, ಅದೇ ಫೋಟೊವನ್ನು ಕಂಪನಿ ಹೋರ್ಡಿಂಗ್‌ಗೆ ಹಾಕಿದರೂ ತನ್ನ ಡೀಲರ್‌ಗಳಿಗೆ ಹಂಚಿದರೂ ನೀವು ಬಾಯಿ ಬಿಡುವಂತಿಲ್ಲ.

ಆದ್ದರಿಂದ ಕೊಟೇಶನ್‌ನಲ್ಲೇ ಎರಡು ಸಾಲು ಬೇಕು: ‘ಕಾಪಿರೈಟ್ ಫೋಟೊಗ್ರಾಫರ್ ಬಳಿಯೇ ಇರುತ್ತದೆ. ಕಂಪನಿಗೆ ತನ್ನ ವೆಬ್‌ಸೈಟ್, ಸೋಷಿಯಲ್ ಮೀಡಿಯಾ, ವಾರ್ಷಿಕ ವರದಿಗಳಲ್ಲಿ 3 ವರ್ಷ ಬಳಸಲು ಅನುಮತಿ ಇದೆ. ಜಾಹೀರಾತು, ಹೋರ್ಡಿಂಗ್ ಹಾಗೂ ಬೇರೆ ಸಂಸ್ಥೆಗಳಿಗೆ ಕೊಡಲು ಪ್ರತ್ಯೇಕ ಶುಲ್ಕ.’ ಅವಧಿ, ದೇಶ ಎರಡನ್ನೂ ಬರೆಯಿರಿ. ಬರೆಯದೆ ಬಿಟ್ಟರೆ ಅವಧಿ 5 ವರ್ಷ, ವ್ಯಾಪ್ತಿ ಭಾರತ ಎಂದು ಕಾಯ್ದೆಯೇ ಇಟ್ಟುಕೊಳ್ಳುತ್ತದೆ. ಕಂಪನಿಯ ಕಡೆಯಿಂದ ಅಧಿಕಾರ ಇರುವವರ ಸಹಿ ಆದ ಪ್ರತಿ ನಿಮ್ಮ ಕೈಗೆ ಬಂದ ಮೇಲೆ ಶೂಟ್‌ಗೆ ಹೋಗಿ. ವಾಟ್ಸ್ಯಾಪ್‌ನ ಹೆಬ್ಬೆಟ್ಟು ಗುರುತನ್ನೇ ನಂಬಿಕೊಂಡು ಹೋಗಬೇಡಿ.

ದೊಡ್ಡ ಕಂಪನಿಗಳು ಇದಕ್ಕೆ ಒಪ್ಪುವುದು ಕಡಿಮೆ. ಕೆಲಸ ಒಪ್ಪಿಸಲು ಅವರು ಕೊಡುವ ಪರ್ಚೇಸ್ ಆರ್ಡರ್‌ನ (ಪಿಒ) ಹಿಂದೆ ಸಣ್ಣ ಅಕ್ಷರದಲ್ಲಿ ‘ಎಲ್ಲ ಹಕ್ಕುಗಳೂ ಕಂಪನಿಗೆ’ ಎಂದು ಮೊದಲೇ ಅಚ್ಚಾಗಿರುತ್ತದೆ. ನಿಮ್ಮ ಕೊಟೇಶನ್‌ನಲ್ಲಿ ಒಂದು, ಅವರ ಪಿಒದಲ್ಲಿ ಇನ್ನೊಂದು ಇದ್ದರೆ ಜಗಳಕ್ಕೆ ಅಲ್ಲೇ ಬೀಜ ಬಿದ್ದಂತೆ. ಪಿಒ ಬಂದ ದಿನವೇ ಓದಿ, ಬೇರೆ ಇದ್ದರೆ ಮೇಲ್‌ನಲ್ಲಿ ಕೇಳಿ, ತಿದ್ದಿಸಿ. ನನ್ನ ಅಭಿಪ್ರಾಯದಲ್ಲಿ ಮೊದಲ ಕೆಲಸದಲ್ಲಿ ಕಾಪಿರೈಟ್‌ಗಾಗಿ ಪಟ್ಟು ಹಿಡಿದು ಕೆಲಸವನ್ನೇ ಕಳೆದುಕೊಳ್ಳುವುದು ಬೇಡ. ಹಕ್ಕು ಪೂರ್ತಿ ಬೇಕಾ, ಅದಕ್ಕೆ ಇಷ್ಟು ಜಾಸ್ತಿ ಅಂತ ಹೇಳಿ. ಪೋರ್ಟ್‌ಫೋಲಿಯೊದಲ್ಲಿ ಬಳಸಿಕೊಳ್ಳುವ ಅನುಮತಿಯನ್ನು ಮಾತ್ರ ಬರಹದಲ್ಲಿ ಪಡೆಯಿರಿ. ಎರಡನೇ ಕಂಪನಿ ನಿಮ್ಮನ್ನು ಕರೆಯುವುದು ಅದನ್ನು ನೋಡಿಯೇ.

ವೆಂಡರ್ ಆಗುವುದು

ಕೊಟೇಶನ್ ಒಪ್ಪಿಗೆಯಾದ ಮೇಲೆ, ನಿಮ್ಮನ್ನು ವೆಂಡರ್, ಅಂದರೆ ಕಂಪನಿಗೆ ಕೆಲಸ ಮಾಡಿಕೊಟ್ಟು ಬಿಲ್ ಕೊಡುವವರು, ಎಂದು ಪಟ್ಟಿಗೆ ಸೇರಿಸಲು ಒಂದು ಫಾರಂ ಬರುತ್ತದೆ. ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ವಿಳಾಸ, ಜಿಎಸ್‌ಟಿ ನಂಬರ್ ಕೇಳುತ್ತಾರೆ. ಇಲ್ಲಿ ಹೆಸರಿನ ಬಗ್ಗೆ ಹುಷಾರು. ಬಿಲ್ಲಿನ ಮೇಲೆ ಸ್ಟುಡಿಯೊ ಹೆಸರು, ಚೆಕ್ಕಿನ ಮೇಲೆ ನಿಮ್ಮ ಹೆಸರು, ಪ್ಯಾನಿನಲ್ಲಿ ಇನಿಷಿಯಲ್ ಬಿಡಿಸಿದ ಇನ್ನೊಂದು ಹೆಸರು ಇದ್ದರೆ ಅಕೌಂಟ್ಸ್‌ನ ಸಿಸ್ಟಂ ಒಪ್ಪುವುದಿಲ್ಲ. ಎಲ್ಲ ಕಡೆ ಒಂದೇ ಹೆಸರು ಇರುವಂತೆ ಮೊದಲೇ ನೋಡಿಕೊಳ್ಳಿ.

ಜಿಎಸ್‌ಟಿ ಇಲ್ಲ ಅಂತ ಗಾಬರಿ ಬೇಡ. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ‘ನೋಂದಣಿ ಇಲ್ಲ’ ಎಂದು ಒಂದು ಪತ್ರ ಬರೆದುಕೊಟ್ಟರೆ ಆಯಿತು. ಆದರೆ ನೋಂದಣಿ ಇಲ್ಲದೆ ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸುವುದು ತಪ್ಪು. ನೋಂದಣಿ ಇದ್ದರೆ ಶೇ 18 ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ 64,000ಕ್ಕೆ 11,520 ಸೇರಿ 75,520 ರೂ.

ಇನ್ನೊಂದು ಕಾಗದವನ್ನು ಈಗಲೇ ಮಾಡಿಸಿಕೊಳ್ಳಿ: ಉದ್ಯಮ್ ನೋಂದಣಿ, ಅಂದರೆ ನಿಮ್ಮದು ಸಣ್ಣ ಉದ್ದಿಮೆ ಎಂದು ಸರ್ಕಾರದಲ್ಲಿ ದಾಖಲಿಸುವುದು. ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ದರೆ ಪುಕ್ಕಟೆಯಾಗಿ ಆಗುತ್ತದೆ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ಈ ಸರ್ಟಿಫಿಕೇಟ್ ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಮುಂದೆ ಹೇಳುತ್ತೇನೆ.

ಅಡ್ವಾನ್ಸ್ ಅರ್ಧ ಕೇಳಿ, 32,000. ‘ನಮ್ಮ ಪಾಲಿಸಿಯಲ್ಲಿ ಅಡ್ವಾನ್ಸ್ ಇಲ್ಲ’ ಅಂದರೆ ಬಾಡಿಗೆ, ಸಹಾಯಕ, ಓಡಾಟದ 12,000 ಆದರೂ ಮೊದಲೇ ಕೊಡಿ ಎಂದು ಕೇಳಿ ನೋಡಿ. ಅದೂ ಆಗದಿದ್ದರೆ, ಪಿಒ ಕೈಯಲ್ಲಿದ್ದು ಕಂಪನಿಯ ಮೇಲೆ ನಂಬಿಕೆ ಇದ್ದರೆ ಮಾತ್ರ ಮುಂದುವರಿಯಿರಿ. ಪಿಒ ನಂಬರ್ ಇಲ್ಲದ ಬಿಲ್ ಎಷ್ಟೋ ಕಂಪನಿಗಳಲ್ಲಿ ಅಲುಗಾಡುವುದೇ ಇಲ್ಲ.

ಶೂಟ್ ದಿನ

ಗೇಟಿನಲ್ಲಿ ಸೆಕ್ಯೂರಿಟಿಯವರು ಕ್ಯಾಮೆರಾ, ಲೆನ್ಸ್, ಲ್ಯಾಪ್‌ಟಾಪ್‌ಗಳ ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ. ಲೆನ್ಸ್ ಕೆಳಗಿನ ಸಣ್ಣ ಅಂಕಿಗಳನ್ನು ಮೊಬೈಲ್ ಟಾರ್ಚ್ ಹಿಡಿದು ಓದುತ್ತಾ ಕೂತರೆ ಅರ್ಧ ಗಂಟೆ ಅಲ್ಲೇ ಹೋಯಿತು. ಪಟ್ಟಿ ಟೈಪ್ ಮಾಡಿ ಎರಡು ಪ್ರತಿ ಒಯ್ಯಿರಿ, ಸೀಲ್ ಹಾಕಿಸಿದ ಒಂದು ನಿಮ್ಮ ಹತ್ತಿರ ಇರಲಿ. ಸಂಜೆ ಹೊರಡುವಾಗ ಅದೇ ಪಟ್ಟಿ ತೋರಿಸಬೇಕಾಗುತ್ತದೆ. ಸೇಫ್ಟಿ ಶೂ ಅವರೇ ಕೊಡುತ್ತಾರಾ ಎಂದು ಹಿಂದಿನ ದಿನವೇ ಕೇಳಿ.

ಕೆಲಸದ ಮಧ್ಯೆ ‘ಹೇಗೂ ಬಂದಿದ್ದೀರಲ್ಲ, ಕ್ಯಾಂಟೀನ್‌ದೂ ನಾಲ್ಕು ತೆಗೀರಿ’ ಅನ್ನುತ್ತಾರೆ. ನಾಲ್ಕು ಫೋಟೊಗೆ ಮುಖ ಗಂಟು ಹಾಕುವುದು ಬೇಡ. ಹೊಸ ವಿಭಾಗವನ್ನೇ ಸೇರಿಸಿದರೆ ಅಲ್ಲೇ ನಿಂತು ಒಂದು ಮೆಸೇಜ್ ಹಾಕಿ: ‘ಮೇಡಂ, ಕ್ಯಾಂಟೀನ್ ಮತ್ತು ಗೋಡೌನ್ ಸೇರಿಸಿದ್ದಕ್ಕೆ 2 ಗಂಟೆ ಹೆಚ್ಚು ಆಗುತ್ತದೆ. ಕೊಟೇಶನ್‌ನ ಗಂಟೆ ರೇಟಿನಂತೆ ಬಿಲ್‌ಗೆ ಸೇರಿಸಲಾ?’ ಉತ್ತರ ಬಂದ ಮೇಲೆ ಕೆಲಸ ಶುರು ಮಾಡಿ.

ಬಿಲ್ಲು, ಕಾಯುವಿಕೆ, ಟಿಡಿಎಸ್

ಫೋಟೊ ಕೊಟ್ಟ ದಿನವೇ ಬಿಲ್ ಕಳಿಸಿ. ಬಿಲ್ ನಂಬರ್, ತಾರೀಕು, ಪಿಒ ನಂಬರ್, ಪ್ಯಾನ್, ಬ್ಯಾಂಕ್ ವಿವರ, ಉದ್ಯಮ್ ನಂಬರ್ ಎಲ್ಲ ಇರಲಿ. ಮಾರ್ಕೆಟಿಂಗ್ ಮೇಡಂಗೆ ಮಾತ್ರ ಕಳಿಸಿದರೆ ಸಾಲದು, ಅಕೌಂಟ್ಸ್‌ನ ಮೇಲ್‌ಗೂ ಹಾಕಿ. ಕೆಲಸ ಮುಗಿದಿದೆ ಎಂದು ಮೇಡಂ ಸಿಸ್ಟಂನಲ್ಲಿ ಒಪ್ಪಿಗೆ ಕೊಡುವವರೆಗೆ ಅಕೌಂಟ್ಸ್‌ನವರು ಕೈ ಹಾಕುವುದಿಲ್ಲ. ಎಷ್ಟೋ ಬಿಲ್ಲುಗಳು ಅಲ್ಲೇ ಮಲಗಿರುತ್ತವೆ. ‘ಪೇಮೆಂಟ್ ಯಾವಾಗ?’ ಎಂದು ಕೇಳುವ ಮೊದಲು ‘ಅಪ್ರೂವಲ್ ಆಗಿದೆಯಾ ಮೇಡಂ?’ ಎಂದು ಕೇಳಿ.

ಎಷ್ಟು ದಿನ ಕಾಯಬೇಕು? ಉದ್ಯಮ್ ಸರ್ಟಿಫಿಕೇಟ್ ಇಲ್ಲಿ ಕೆಲಸಕ್ಕೆ ಬರುತ್ತದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಜೊತೆಗೆ 2023ರ ಬಜೆಟ್‌ನಲ್ಲಿ ಬಂದ ನಿಯಮದಂತೆ, ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಈ ಅವಧಿಯೊಳಗೆ ಕೊಡದ ಹಣವನ್ನು ಕಂಪನಿ ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಮಾರ್ಚ್ ಹತ್ತಿರ ಬಂದಂತೆ ಅಕೌಂಟ್ಸ್‌ನವರೇ ಉದ್ಯಮ್ ಇದೆಯಾ ಅಂತ ಫೋನ್ ಮಾಡುವುದು ಇದಕ್ಕೇ. ಹಾಗಂತ ಮೊದಲ ಮೇಲ್‌ನಲ್ಲೇ ಬಡ್ಡಿಯ ಮಾತು ಎತ್ತಬೇಡಿ. ಎರಡು ಸಲ ಮರ್ಯಾದೆಯಿಂದ ನೆನಪಿಸಿ, ಮೂರನೇ ಸಲ ಕಾಯ್ದೆಯ ಹೆಸರು ಬರೆಯಿರಿ. ಅದಕ್ಕೂ ಜಗ್ಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು.

ಖಾತೆಗೆ ಹಣ ಬಂದಾಗ ಮೊತ್ತ ಕಡಿಮೆ ಇರಬಹುದು. ಅದು ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಕಂಪನಿ ಹಿಡಿದು ನಿಮ್ಮ ಹೆಸರಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ. ಕೆಲವು ಕಂಪನಿಗಳು ಇದನ್ನು ಗುತ್ತಿಗೆ ಕೆಲಸ ಎಂದು ಶೇ 1 ಹಿಡಿಯುತ್ತವೆ, ಕೆಲವು ವೃತ್ತಿಪರ ಸೇವೆ ಎಂದು ಶೇ 10. 64,000ಕ್ಕೆ 640 ಅಥವಾ 6,400, ವ್ಯತ್ಯಾಸ ದೊಡ್ಡದು. ಯಾವುದು ಎಂದು ಕೊಟೇಶನ್ ಹಂತದಲ್ಲೇ ಕೇಳಿಕೊಳ್ಳಿ. ಪ್ಯಾನ್ ಕೊಡದಿದ್ದರೆ ಶೇ 20 ಹೋಗುತ್ತದೆ. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದರೆ ಆ ಮೊತ್ತದ ಮೇಲೆ ಟಿಡಿಎಸ್ ಹಿಡಿಯುವಂತಿಲ್ಲ. ಹಿಡಿದದ್ದು ನಿಮ್ಮ ದುಡ್ಡೇ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನಿಗೆ ಜಮಾ ಆಗಿದೆಯಾ ನೋಡಿ, ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡಿಕೊಳ್ಳಿ, ಹೆಚ್ಚಾಗಿದ್ದರೆ ವಾಪಸ್ ಬರುತ್ತದೆ. ಜಮಾ ಕಾಣದಿದ್ದರೆ ಮತ್ತೆ ಅದೇ ಮೂರನೇ ಟೇಬಲಿಗೆ ಮೇಲ್.

ಒಂದು ಫೋಲ್ಡರ್ ಮಾಡಿ ಕೊಟೇಶನ್, ಪಿಒ, ಬಿಲ್, ಟಿಡಿಎಸ್ ಸರ್ಟಿಫಿಕೇಟ್ ಎಲ್ಲ ಹಾಕಿಡಿ. 3 ವರ್ಷದ ಅನುಮತಿ ಮುಗಿಯುವ ತಾರೀಕನ್ನು ಮೊಬೈಲ್ ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ. ಅದಕ್ಕೆ ಒಂದು ತಿಂಗಳು ಮೊದಲು ಅವರ ವೆಬ್‌ಸೈಟ್ ತೆರೆದು ನೋಡಿ. ಫೋಟೊ ಇನ್ನೂ ಅಲ್ಲೇ ಇದ್ದರೆ ನವೀಕರಣದ ಕೊಟೇಶನ್ ಕಳಿಸಿ. ಹೊಸ ಮಷೀನ್ ಬಂದಿದ್ದರೆ ಹೊಸ ಶೂಟ್‌ದೂ ಸೇರಿಸಿಯೇ ಕಳಿಸಿ.