ಕತ್ತಲಾದ ಮೇಲೆ ವಾರ್ಡನ್ನು ನಡೆದು ನೋಡಿ: ಚಿಕ್ಕಮಗಳೂರಿನ ಬಡಾವಣೆ ಮುಂದಾಳುಗಳಿಗೆ ಒಂದು ಕೈಪಿಡಿ

ಚಿಕ್ಕಮಗಳೂರು ನಗರಸಭೆಗೆ 35 ವಾರ್ಡುಗಳಿವೆ. 2011ರ ಜನಗಣತಿಯಂತೆ ನಗರದ ಜನಸಂಖ್ಯೆ ಸುಮಾರು 1.18 ಲಕ್ಷ. ಸಂವಿಧಾನದ 243ಎಸ್ ವಿಧಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ ಮಾತ್ರ. ಆದ್ದರಿಂದ ನಮ್ಮ ಬಡಾವಣೆಗಳಲ್ಲಿ ಸುರಕ್ಷತೆಯ ಕೆಲಸವನ್ನು ಕೈಗೆತ್ತಿಕೊಳ್ಳಬೇಕಾದವರು ವಾರ್ಡಿನ ಸದಸ್ಯರು, ಕ್ಷೇಮಾಭಿವೃದ್ಧಿ ಸಂಘದವರು, ಸ್ತ್ರೀಶಕ್ತಿ ಗುಂಪಿನವರು, ಆಶಾ ಕಾರ್ಯಕರ್ತೆಯರು, ಒಟ್ಟಿನಲ್ಲಿ ಊರವರ ಮಾತಿಗೆ ಕಿವಿಗೊಡುವ ಯಾರಾದರೂ ನಾಲ್ಕು ಮಂದಿ. ಈ ಬರಹ ಅವರಿಗಾಗಿ.

ಬಹುತೇಕ ಸಂಘಗಳು ಈ ಕೆಲಸವನ್ನು ಸಭೆಯಿಂದ ಆರಂಭಿಸುತ್ತವೆ. ಸಭೆಯಲ್ಲಿ ದನಿ ದೊಡ್ಡದಿರುವವರ ದೂರುಗಳಷ್ಟೇ ನಡಾವಳಿ ಪುಸ್ತಕಕ್ಕೆ ಏರುತ್ತವೆ ಎಂಬುದು ನನ್ನ ಅನುಭವ. ಅದರ ಬದಲು ರಾತ್ರಿ ನಡಿಗೆಯಿಂದ ಆರಂಭಿಸಿ. ಸ್ಥಳೀಯರೇ ತಮ್ಮ ಬೀದಿಗಳನ್ನು ನಡೆದು ಪರಿಶೀಲಿಸುವ ಈ ಕ್ರಮವನ್ನು 1989ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಮಹಿಳೆಯರ ಸುರಕ್ಷತೆಗಾಗಿ ರೂಪಿಸಲಾಯಿತು. ಅದಕ್ಕೆ ದುಬಾರಿ ಸಲಕರಣೆಯೇನೂ ಬೇಡ. ಎಂಟು ಹತ್ತು ಜನ ಸಾಕು, ಆದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರಿರಲಿ. ಕೋಲೂರಿ ನಡೆಯುವ ಹಿರಿಯರೊಬ್ಬರು, ಟ್ಯೂಷನ್ ಮುಗಿಸಿ ತಡವಾಗಿ ಮನೆಗೆ ಮರಳುವ ವಿದ್ಯಾರ್ಥಿನಿ, ಅಂಗಡಿ ಬಾಗಿಲು ಹಾಕಿ ಕೊನೆಯಲ್ಲಿ ಹೊರಡುವ ವ್ಯಾಪಾರಿ, ನಸುಕಿನಲ್ಲೇ ಬೀದಿಗಿಳಿಯುವ ಪೌರಕಾರ್ಮಿಕರು, ಇವರಿಗೆ ಕಾಣುವುದು ಸ್ಕೂಟರಿನಲ್ಲಿ ಓಡಾಡುವ ಪದಾಧಿಕಾರಿಗೆ ಕಾಣುವುದಿಲ್ಲ. ಹೊರಡುವ ಹೊತ್ತು ಏಳೂವರೆಯ ನಂತರವೇ ಇರಲಿ. ಸಂಜೆ ಆರಕ್ಕೆ ಹೊರಟರೆ ಎಲ್ಲ ಬೀದಿಯೂ ಸರಿಯಾಗಿಯೇ ಕಾಣುತ್ತದೆ.

ನಾನು ಹೋಗಿದ್ದ ಒಂದು ನಡಿಗೆಯಲ್ಲಿ, ಒಂದು ಅಡ್ಡರಸ್ತೆಗೆ ಹೊಸ ದೀಪ ಬೇಕೆಂದು ನಾವೆಲ್ಲ ಮೊದಲೇ ತೀರ್ಮಾನಿಸಿಬಿಟ್ಟಿದ್ದೆವು. ನಮ್ಮೊಡನೆ ಬಂದಿದ್ದ, ಹೊಲಿಗೆ ಕೆಲಸಕ್ಕೆ ಹೋಗುವ ಮಹಿಳೆಯೊಬ್ಬರು ಕಂಬದ ಕೆಳಗೆ ನಿಂತು ಮೇಲೆ ನೋಡಲು ಹೇಳಿದರು. ದೀಪ ಉರಿಯುತ್ತಲೇ ಇತ್ತು. ಹೊಂಗೆ ಮರದ ಕೊಂಬೆ ಅದರ ಮೇಲೆ ಕವಿದು, ಬೆಳಕೆಲ್ಲ ಎಲೆಗಳ ಮೇಲೆಯೇ ಬೀಳುತ್ತಿತ್ತು. ಕೆಳಗೆ ಚಪ್ಪಡಿ ಕಿತ್ತುಹೋದ ಚರಂಡಿ, ಅದರಾಚೆ ಪಾಳು ನಿವೇಶನದಲ್ಲಿ ಎದೆಯೆತ್ತರದ ಲಂಟಾನ. ಬೇಕಾಗಿದ್ದುದು ದೀಪವಲ್ಲ, ಕೊಂಬೆ ಸವರುವುದು, ಒಂದು ಚಪ್ಪಡಿ ಮತ್ತು ನಿವೇಶನದ ಮಾಲೀಕರಿಗೆ ಒಂದು ನೋಟಿಸು. ಆ ಮಹಿಳೆ ಯಾವ ಸಭೆಗೂ ಬಂದವರಲ್ಲ.

ಹೀಗೆ ಕಂಡದ್ದನ್ನೆಲ್ಲ ಒಂದು ವಹಿಯಲ್ಲಿ ಬರೆಯುತ್ತ ಹೋಗಿ. ‘ಮೂರನೇ ಅಡ್ಡರಸ್ತೆಯಲ್ಲಿ ಕತ್ತಲು’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಕಂಬದ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆ, ಎದುರು ಮನೆಯ ಗುರುತು, ದಿನಾಂಕ, ವೇಳೆ ಮತ್ತು ಒಂದು ಫೋಟೊ ಇರಲೇಬೇಕು. ಪ್ರತಿ ನಮೂದಿನ ಮುಂದೆ ಅದು ಯಾವ ಕಚೇರಿಯ ಕೆಲಸವೆಂದು ಬರೆಯಿರಿ, ಏಕೆಂದರೆ ನಮ್ಮ ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ. ಬೀದಿದೀಪದ ನಿರ್ವಹಣೆ, ಚರಂಡಿ, ಕಸ ಮತ್ತು ಪಾದಚಾರಿ ಮಾರ್ಗ ನಗರಸಭೆಯವು. ವಾಲಿದ ವಿದ್ಯುತ್ ಕಂಬ, ಜೋತುಬಿದ್ದ ತಂತಿ, ತೆರೆದ ಟ್ರಾನ್ಸ್‌ಫಾರ್ಮರ್ ಮೆಸ್ಕಾಂನವು, ಅದಕ್ಕೆ 1912 ಸಂಖ್ಯೆಗೆ ಕರೆ ಮಾಡಬಹುದು. ಕೊಂಬೆಯಲ್ಲದೆ ಮರವನ್ನೇ ತೆಗೆಯಬೇಕಾದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ನಾವು ಮೊದಲ ಸಲ ಹದಿನೇಳು ಬೇಡಿಕೆಗಳನ್ನು ಒಂದೇ ಮನವಿಯಲ್ಲಿ ತುಂಬಿ, ನಾಲ್ಕು ಕಚೇರಿಗಳಿಗೆ ಪ್ರತಿ ಹಾಕಿ ಕೊಟ್ಟಿದ್ದೆವು. ನಾಲ್ವರೂ ಅದನ್ನು ಉಳಿದ ಮೂವರ ಕೆಲಸವೆಂದು ಭಾವಿಸಿದರು. ಒಂದು ಪತ್ರಕ್ಕೆ ಒಂದೇ ವಿಷಯ, ಒಂದೇ ವಿಳಾಸ ಎಂಬ ನಿಯಮವಿರಲಿ, ಸ್ವೀಕೃತಿ ಮೊಹರಿಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಪತ್ರದ ಮೇಲೆ ಏನು ಕ್ರಮವಾಗಿದೆಯೆಂದು ಹತ್ತು ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನಡಿ ಕೇಳಿ. ಆ ಅರ್ಜಿಗೆ 30 ದಿನಗಳೊಳಗೆ ಉತ್ತರಿಸಬೇಕಾಗುತ್ತದೆ.

ಪೊಲೀಸರೊಡನೆ ಸಂಬಂಧ ಬೆಳೆಸುವ ಕಾಲ ಕಳ್ಳತನವಾದ ಮರುದಿನವಲ್ಲ. ನಿಮ್ಮ ಬೀದಿ ನಗರ ಠಾಣೆಗೆ ಸೇರಿದೆಯೋ ಬಸವನಹಳ್ಳಿ ಠಾಣೆಗೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ರಾಜ್ಯದ ಸುಧಾರಿತ ಗಸ್ತು ವ್ಯವಸ್ಥೆಯಲ್ಲಿ ಪ್ರತಿ ಪ್ರದೇಶಕ್ಕೂ ಒಬ್ಬ ಬೀಟ್ ಸಿಬ್ಬಂದಿ ಇರುತ್ತಾರೆ. ಅವರನ್ನೇ ನಿಮ್ಮ ಮುಂದಿನ ನಡಿಗೆಗೆ ಕರೆಯಿರಿ. 2025ರಲ್ಲಿ ಆರಂಭವಾದ ‘ಮನೆ ಮನೆಗೆ ಪೊಲೀಸ್’ ಕಾರ್ಯಕ್ರಮದಲ್ಲಿ ಅವರು ಬಾಗಿಲಿಗೆ ಬಂದಾಗ ವಹಿಯ ಒಂದು ಪ್ರತಿ ಕೈಗೆ ಕೊಡಿ. ತುರ್ತಿಗೆ 112, ಮಕ್ಕಳಿಗೆ 1098, ಮಹಿಳೆಯರಿಗೆ 181 ಎಂಬ ಸಂಖ್ಯೆಗಳನ್ನು ಹಾಲಿನ ಬೂತು ಮತ್ತು ನ್ಯಾಯಬೆಲೆ ಅಂಗಡಿಗಳಲ್ಲಿ ದೊಡ್ಡಕ್ಷರದಲ್ಲಿ ಅಂಟಿಸಿ. ಸೈಬರ್ ವಂಚನೆಗೆ 1930. ಮುಳ್ಳಯ್ಯನಗಿರಿಯ ಎತ್ತರವೂ ಮೀಟರಿನ ಲೆಕ್ಕದಲ್ಲಿ ಅಷ್ಟೇ ಆದ್ದರಿಂದ ಈ ಸಂಖ್ಯೆ ಮರೆಯಲು ನಮ್ಮೂರಿನವರಿಗೆ ನೆಪವೇ ಇಲ್ಲ. ಅಪಘಾತದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂದೇನಿಲ್ಲ ಎಂಬುದನ್ನೂ ತಿಳಿಸಿ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ನೀಡುತ್ತದೆ. ವಾರಾಂತ್ಯದಲ್ಲಿ ಗಿರಿಗೆ ಹೊರಟ ವಾಹನಗಳು ನಗರದೊಳಗೆ ನುಗ್ಗುವ ದಿನಗಳಲ್ಲಿ ಈ ತಿಳಿವಳಿಕೆಗೆ ಬೆಲೆಯಿದೆ.

ಇನ್ನು ಅತ್ಯಂತ ಎಚ್ಚರ ಬೇಕಾದ ವಿಷಯಕ್ಕೆ ಬರುತ್ತೇನೆ. ಬಡಾವಣೆಯ ವಾಟ್ಸ್ಆ್ಯಪ್ ಗುಂಪು ರಕ್ಷಣೆಗೂ ಬರುತ್ತದೆ, ಬೆಂಕಿಯನ್ನೂ ಹಚ್ಚುತ್ತದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಸ್ಸಾಮಿನಿಂದಲೂ ಉತ್ತರ ಕರ್ನಾಟಕದಿಂದಲೂ ಕೂಲಿ ಅರಸಿ ಬರುವವರು ನಮ್ಮ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. ಅವರ ಭಾಷೆ ನಮಗೆ ತಿಳಿಯದು ಎಂಬುದಷ್ಟೇ ಅನುಮಾನಕ್ಕೆ ಕಾರಣವಾಗಕೂಡದು. ಆದ್ದರಿಂದ ಗುಂಪಿನಲ್ಲಿ ಅಪರಿಚಿತರ ಫೋಟೊ ಹಾಕುವಂತಿಲ್ಲ, ಸಂಶಯವಿದ್ದರೆ ನೇರವಾಗಿ 112ಕ್ಕೆ ಕರೆ ಮಾಡಬೇಕು, ಯಾರನ್ನೂ ತಡೆದು ವಿಚಾರಿಸುವ ಅಧಿಕಾರ ನಮಗಿಲ್ಲ ಎಂಬ ಮೂರು ಮಾತುಗಳನ್ನು ಮೊದಲ ದಿನವೇ ಬರೆದು ಒಪ್ಪಿಗೆ ಪಡೆಯಿರಿ. ಕೋಲು ಹಿಡಿದು ರಾತ್ರಿ ಕಾವಲು ಕಾಯುವ ಯುವಕರ ಪಡೆಯನ್ನು ಕಟ್ಟುವ ಉತ್ಸಾಹ ಯಾರಿಗಾದರೂ ಬಂದರೆ, ಸ್ನೇಹ ಕೆಟ್ಟರೂ ಸರಿ, ಅದಕ್ಕೆ ಒಪ್ಪಬೇಡಿ.

ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆ 2023ರ ನಿಯಮಗಳಂತೆ ನಗರಸಭೆಯ ಹೊಣೆ. ಕಚ್ಚಿಸಿಕೊಂಡವರು ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ಲಸಿಕೆ ಹಾಕಿಸಿಕೊಳ್ಳಬೇಕು. ಒಂಟಿಯಾಗಿರುವ ಹಿರಿಯರ ಪಟ್ಟಿಯೊಂದು ಆಶಾ ಕಾರ್ಯಕರ್ತೆಯ ಬಳಿ ಇರಲಿ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದಾಗ ಅವರ ಬಾಗಿಲು ತಟ್ಟುವವರು ಯಾರೆಂಬುದು ಮೊದಲೇ ನಿಗದಿಯಾಗಿರಲಿ. ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ದೊಡ್ಡ ಕೆಲಸಗಳಿಗೆ ಹಣ ಬೇಕು, ಅದನ್ನು ಏಪ್ರಿಲ್‌ನಲ್ಲಿ ಕೇಳಿದರೆ ಹೊತ್ತು ಮೀರಿರುತ್ತದೆ. ಆಯವ್ಯಯದ ಪೂರ್ವಭಾವಿ ಸಭೆಯ ಪ್ರಕಟಣೆಗಾಗಿ ಡಿಸೆಂಬರ್‌ನಿಂದಲೇ ಕಣ್ಣಿಡಿ, ವಹಿಯಲ್ಲಿನ ಬಾಕಿ ಕೆಲಸಗಳಲ್ಲಿ ಮೂರನ್ನು ಮಾತ್ರ ಆರಿಸಿ ಲಿಖಿತವಾಗಿ ಕೊಡಿ. ಅದರ ಪ್ರತಿಯನ್ನು ವಾರ್ಡಿನ ಸದಸ್ಯರಿಗೂ ತಲುಪಿಸಿದರೆ ಅವರು ಸಾಮಾನ್ಯ ಸಭೆಯಲ್ಲಿ ಪ್ರಸ್ತಾಪಿಸಲು ಅನುಕೂಲ.

ಎರಡನೆಯ ನಡಿಗೆಯನ್ನು ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲೇ ಇಟ್ಟುಕೊಳ್ಳಿ. ಅದೇ ದಾರಿ, ಅದೇ ಹೊತ್ತು, ಸಾಧ್ಯವಾದಷ್ಟು ಅದೇ ಜನ. ಹಳೆಯ ವಹಿಯನ್ನು ಕೈಯಲ್ಲಿ ಹಿಡಿದು, ಸರಿಯಾದದ್ದರ ಮುಂದೆ ದಿನಾಂಕ ಹಾಕುತ್ತ, ಸರಿಯಾಗದ ಕಂಬದ ಸಂಖ್ಯೆಯನ್ನು ಹೊಸ ಪುಟಕ್ಕೆ ಇಳಿಸುತ್ತ ನಡೆಯಿರಿ.