ಜಿಲ್ಲಾ ಪಂಚಾಯಿತಿ ಚುನಾವಣೆ ಕೇಳಿ ಧರಣಿ ಕೂತ ನನ್ನ ಅನುಭವ

ನಾವು ಮೊದಲ ಸಲ ಧರಣಿ ಕೂತದ್ದು ಜನವರಿಯಲ್ಲಿ, ಸಕಲೇಶಪುರದ ತಾಲ್ಲೂಕು ಕಚೇರಿ ಮುಂದೆ. ಬಂದವರು ಹದಿನಾಲ್ಕೇ ಜನ. ಕಾಫಿ ಕುಯ್ಲಿನ ಹೊತ್ತಿನಲ್ಲಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿದ್ದರೆ ಬೆಳೆಗಾರ ತೋಟ ಬಿಟ್ಟು ಬರುವುದಿಲ್ಲ. ಕುಯ್ದಷ್ಟು ಕೆ.ಜಿ.ಗೆ ಕೂಲಿ ಸಿಗುವಾಗ ಆಳುಗಳೂ ಬರುವುದಿಲ್ಲ. ದಿನ ಗೊತ್ತು ಮಾಡಿದ ತಪ್ಪು ನನ್ನದು. ಅದಕ್ಕಿಂತ ದೊಡ್ಡ ತಪ್ಪೂ ಆ ದಿನವೇ ಆಯಿತು. ಮನವಿ ಕೊಟ್ಟೆವು, ಮೊಹರು ಹಾಕಿಸಿಕೊಂಡ ಪ್ರತಿ ತರಲಿಲ್ಲ. ತಿಂಗಳು ಬಿಟ್ಟು ವಿಚಾರಿಸಿದರೆ ಅಂಥ ಅರ್ಜಿ ಬಂದೇ ಇಲ್ಲವೆಂದರು.

ಇದೆಲ್ಲ ಶುರುವಾದದ್ದು ಒಂದು ಕಾಲುಸಂಕದಿಂದ. ನಮ್ಮೂರಿನ ಹಳ್ಳಕ್ಕಿದ್ದ ಸಂಕ ಮಳೆಗೆ ಕೊಚ್ಚಿಹೋಯಿತು. ಶಾಲೆ ಮಕ್ಕಳು ಮೂರು ಕಿಲೋಮೀಟರ್ ಬಳಸಿ ಹೋಗಬೇಕು. ಗ್ರಾಮ ಪಂಚಾಯಿತಿಯಲ್ಲಿ ಅಷ್ಟು ದುಡ್ಡಿಲ್ಲ ಅಂದರು. ಮೇಲಿನವರನ್ನು ಕೇಳಿದರೆ ಜಿಲ್ಲಾ ಪಂಚಾಯಿತಿಗೆ ಹೋಗಿ ಅಂದರು. ಹಾಸನಕ್ಕೆ ಹೋದೆವು. ಅಲ್ಲಿ ಕಚೇರಿ ಇದೆ, ಅಧಿಕಾರಿಗಳಿದ್ದಾರೆ, ನಮ್ಮ ಕ್ಷೇತ್ರದ ಸದಸ್ಯರ ಕುರ್ಚಿ ಮಾತ್ರ ಖಾಲಿ. ಹಿಂದೆ ಸದಸ್ಯರಿದ್ದಾಗ ಸಂತೆಯಲ್ಲೇ ತಡೆದು ನಿಲ್ಲಿಸಿ ಕೇಳುತ್ತಿದ್ದೆವು. ಮುಂದಿನ ಸಲ ಓಟಿಗೆ ಬರಬೇಕಲ್ಲ ಅನ್ನುವ ಅಂಜಿಕೆ ಅವರಿಗಿತ್ತು. ವರ್ಗವಾಗಿ ಹೋಗುವ ಅಧಿಕಾರಿಗೆ ಆ ಅಂಜಿಕೆ ಎಲ್ಲಿಂದ ಬರಬೇಕು?

ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷದ ಮೇಲೆ ವರ್ಷ ಉರುಳಿತು. ಸಂವಿಧಾನದ 243ಇ ವಿಧಿ ಮಾತ್ರ ಸ್ಪಷ್ಟವಾಗಿದೆ: ಪಂಚಾಯಿತಿಯ ಅವಧಿ ಐದೇ ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಆಗಿರಬೇಕು.

ಎರಡನೇ ಸಲ ಮೈಕು ಹಿಡಿಯುವ ಮೊದಲು ಮನೆಮನೆಗೆ ಹೋದೆವು. ಘೋಷಣೆ ಕೂಗಲಿಲ್ಲ, ಒಂದೇ ಪ್ರಶ್ನೆ ಕೇಳಿದೆವು: ‘ಜಿಲ್ಲಾ ಪಂಚಾಯಿತಿಗೆ ಕೊನೇ ಸಲ ಯಾವಾಗ ಓಟು ಹಾಕಿದ್ರಿ?’ ಡಿಗ್ರಿ ಮುಗಿಸಿದ ಒಬ್ಬ ಹುಡುಗಿ ‘ಅದಕ್ಕೆ ಬೇರೆ ಓಟು ಇರುತ್ತಾ ಅಣ್ಣಾ?’ ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1999ರಿಂದ ಈಚೆಗೆ ಹುಟ್ಟಿದ ಒಬ್ಬರಿಗೂ ಈ ಓಟು ಹಾಕುವ ಅವಕಾಶ ಸಿಕ್ಕಿಲ್ಲ. ಅದನ್ನೇ ದೊಡ್ಡ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದೆವು. ಬೇರೆ ಯಾವ ಬರಹವನ್ನೂ ಜನ ಅಷ್ಟು ಹೊತ್ತು ನಿಂತು ಓದಲಿಲ್ಲ.

ಆಮೇಲೆ ಗ್ರಾಮಸಭೆಗೆ ಹೋದೆವು. ನಾನು ಹೇಳಬೇಕೆಂದಿರುವುದರಲ್ಲಿ ಮುಖ್ಯವಾದದ್ದು ಇದೇ. ಚುನಾವಣೆಗೆ ಒತ್ತಾಯಿಸುವ ಠರಾವು ಆಗಲಿ ಎಂದು ಕೇಳಿದೆವು, ಎಲ್ಲರೂ ಕೈ ಎತ್ತಿದರು. ‘ಬರ್ಕೋತೀವಿ, ನೀವು ಹೊರಡಿ’ ಅಂದರು. ಹೊರಡಲಿಲ್ಲ. ಸಂಘದ ಹೆಣ್ಣುಮಗಳೊಬ್ಬರು ನಡಾವಳಿ ಪುಸ್ತಕ ಈಸಿಕೊಂಡು ಗಟ್ಟಿಯಾಗಿ ಓದಿದರು. ಅದರಲ್ಲಿ ಇದ್ದದ್ದು ‘ಚುನಾವಣೆ ಬಗ್ಗೆ ಚರ್ಚಿಸಲಾಯಿತು’ ಅಂತ ಅಷ್ಟೇ. ಚರ್ಚಿಸಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಅದನ್ನು ಹೊಡೆದು ‘ಕೂಡಲೇ ಚುನಾವಣೆ ನಡೆಸುವಂತೆ ಸರ್ಕಾರವನ್ನು ಒತ್ತಾಯಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆಸಿ, ಅಧ್ಯಕ್ಷರ ಸಹಿ ಆಗುವವರೆಗೆ ಅಲ್ಲೇ ಕೂತೆವು. ಹೊತ್ತು ಮುಳುಗಿತ್ತು, ಒಬ್ಬರೂ ಎದ್ದು ಹೋಗಿರಲಿಲ್ಲ. ಆಮೇಲೆ ಹತ್ತು ರೂಪಾಯಿ ಶುಲ್ಕ ಕಟ್ಟಿ, ಮಾಹಿತಿ ಹಕ್ಕಿನಲ್ಲಿ ಆ ಪುಟದ ದೃಢೀಕೃತ ಪ್ರತಿ ತೆಗೆದುಕೊಂಡೆವು. ಅಕ್ಕಪಕ್ಕದ ಮೂರು ಪಂಚಾಯಿತಿಯವರೂ ಹೀಗೇ ಮಾಡಿದರು.

ಎರಡನೇ ಧರಣಿ ಏಪ್ರಿಲ್‌ನಲ್ಲಿ. ರೋಬಸ್ಟಾ ಕಾಫಿಯ ಕುಯ್ಲು ಮುಗಿದು, ಗಿಡ ಹೂ ಬಿಡಲು ಬೇಕಾದ ಹೂ ಮಳೆಯೂ ಬಿದ್ದಿತ್ತು. ಪೊಲೀಸ್ ಠಾಣೆಗೆ ವಾರ ಮೊದಲೇ ಪತ್ರ ಕೊಟ್ಟು ಮೈಕಿಗೂ ಅನುಮತಿ ಪಡೆದಿದ್ದೆವು. ಹಳ್ಳಿ ಬಸ್ಸುಗಳು ಬರುವ ಹೊತ್ತು ನೋಡಿ ಹನ್ನೊಂದಕ್ಕೆ ಶುರುಮಾಡಿ, ವಾಪಸ್ ಬಸ್ಸು ತಪ್ಪದ ಹಾಗೆ ಎರಡಕ್ಕೆ ಮುಗಿಸಿದೆವು. ಇನ್ನೂರು ದಾಟಿ ಜನ ಸೇರಿದ್ದರು, ಅರ್ಧಕ್ಕಿಂತ ಹೆಚ್ಚು ಹೆಂಗಸರು. ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಅವರಿಗೆ ಮೀಸಲು, ಚುನಾವಣೆಯೇ ಇಲ್ಲದಿದ್ದರೆ ಆ ಮೀಸಲು ಯಾತಕ್ಕೆ?

ನಡುವೆ ಒಬ್ಬ ಹಿರಿಯರು, ಚುನಾವಣೆ ಆಗುವ ತನಕ ಒಳ್ಳೆಯವರ ಒಂದು ಸಮಿತಿ ನೇಮಿಸಿ ಅಂತ ಕೇಳೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಒಪ್ಪಲಿಲ್ಲ. ನೇಮಕ ಆದವನು ನೇಮಿಸಿದವರ ಮುಖ ನೋಡುತ್ತಾನೆಯೇ ಹೊರತು ನಮ್ಮ ಮುಖವನ್ನಲ್ಲ. 243ಸಿ ವಿಧಿ ಹೇಳುವುದೂ ಅದನ್ನೇ: ಪಂಚಾಯಿತಿಯ ಸ್ಥಾನಗಳನ್ನೆಲ್ಲ ನೇರ ಚುನಾವಣೆಯಿಂದ ತುಂಬಬೇಕು. ಆ ಸಾಲನ್ನು ಮೈಕಿನಲ್ಲಿ ಎರಡು ಸಲ ಓದಿಸಿದೆ. ಹಿರಿಯರು ತಲೆಯಾಡಿಸಿ ಕೂತರು.

ಈ ಸಲ ಮನವಿಗೆ ನಾಲ್ಕು ಠರಾವಿನ ಪ್ರತಿ ಲಗತ್ತಿಸಿದ್ದೆವು. ನಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಮೊಹರು ಬೀಳುವವರೆಗೆ ಮೇಜಿನ ಮುಂದಿಂದ ಕದಲಲಿಲ್ಲ. ಮೂರು ವಾರಕ್ಕೆ ಹಿಂಬರಹ ಬಂತು, ‘ಸೂಕ್ತ ಕ್ರಮಕ್ಕಾಗಿ ಸರ್ಕಾರಕ್ಕೆ ರವಾನಿಸಲಾಗಿದೆ’. ಆ ಹಿಂಬರಹದ ನಂಬರು ಹಾಕಿಯೇ ರಾಜ್ಯ ಚುನಾವಣಾ ಆಯೋಗಕ್ಕೂ ಬರೆದಿದ್ದೇವೆ.

ಮುಂಗಾರಿಗೆ ಮೊದಲು ಹಳ್ಳಕ್ಕೆ ನಾವೇ ನಾಲ್ಕು ಅಡಕೆ ಮರ ಅಡ್ಡ ಹಾಕಿ, ಹಿಡಿದುಕೊಳ್ಳಲು ಹಗ್ಗ ಕಟ್ಟಿದೆವು. ಒಂದು ಮಳೆಗಾಲಕ್ಕೆ ತಡೆಯುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಓದಬೇಕಾದ ಠರಾವನ್ನು ಆ ಡಿಗ್ರಿ ಹುಡುಗಿ ಈಗಲೇ ಬರೆದಿಟ್ಟಿದ್ದಾಳೆ.