393 ಅಂಕದಿಂದ ಕೆನಡಾ ಪಿಆರ್: 35ರಲ್ಲಿ ಫ್ರೆಂಚ್ ಕಲಿತ ನನ್ನ ಅನುಭವ

ಕೆನಡಾದ ಪಿಆರ್ (ಕಾಯಂ ನಿವಾಸ) ಬೇಕೆನ್ನುವವರು ಹೆಸರು ಸೇರಿಸುವ ಎಕ್ಸ್‌ಪ್ರೆಸ್ ಎಂಟ್ರಿ ಪೂಲ್‌ಗೆ ಇಳಿದಾಗ ನನ್ನ ಸಿಆರ್‌ಎಸ್, ಅಂದರೆ ಅರ್ಹತೆಯ ಒಟ್ಟು ಅಂಕ, 393. ವಯಸ್ಸು 35, ಮದುವೆಯಾಗಿದೆ, ಒಂದೇ ಡಿಗ್ರಿ, ಕೆನಡಾದಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಓದು, ಬರಹ, ಮಾತು, ಕೇಳುವುದು ನಾಲ್ಕರಲ್ಲೂ ಸಿಎಲ್‌ಬಿ (ಕೆನಡಾದ ಭಾಷಾ ಮಟ್ಟದ ಅಳತೆ) 9 ಬಂದಿತ್ತು, ಆದರೂ ಅಷ್ಟೇ. ಡ್ರಾ ಎಂದರೆ ಹೆಚ್ಚು ಅಂಕದವರಿಗೆ ಪೂಲ್‌ನಿಂದ ಆಹ್ವಾನ ಕೊಡುವ ಸುತ್ತು; ಸಾಮಾನ್ಯ ಡ್ರಾಗಳ ಕಟ್‌ಆಫ್ 500ರ ಆಸುಪಾಸಿನಲ್ಲಿತ್ತು, 2024ರ ಮೊದಲ ತಿಂಗಳುಗಳಲ್ಲಿ 524ರಿಂದ 549ರ ನಡುವೆ ಓಡಾಡಿತು. ಜೊತೆಗೆ ಪ್ರತಿ ಹುಟ್ಟುಹಬ್ಬಕ್ಕೂ ಐದು ಅಂಕ ಕಡಿತ. ಫ್ರೆಂಚ್ ಕಲಿಯುತ್ತೇನೆ ಎಂದಾಗ ನಕ್ಕವರೇ ಜಾಸ್ತಿ. ಒಬ್ಬ ಕನ್ಸಲ್ಟೆಂಟ್ ಅಂತೂ "ಈ ವಯಸ್ಸಲ್ಲಿ ಅದೆಲ್ಲ ಆಗೋದಲ್ಲ ಸಾರ್, ಪಿಎನ್‌ಪಿಗೆ ಕಾಯಿರಿ" (ಪ್ರಾಂತ್ಯವೊಂದು ನಾಮನಿರ್ದೇಶನ ಮಾಡುವ ದಾರಿ ಅದು) ಎಂದು ಹೇಳಿ, ಆ ಒಂದು ಸಾಲಿಗೆ ಫೀಸನ್ನೂ ತೆಗೆದುಕೊಂಡರು.

2025ರ ಮಾರ್ಚ್ 21ರ ಫ್ರೆಂಚ್ ಡ್ರಾ, ಅಂದರೆ ಫ್ರೆಂಚ್ ಬಲ್ಲವರಿಗೆಂದೇ ನಡೆಯುವ ಡ್ರಾ, 379ಕ್ಕೆ ನಿಂತಿತು. ನನ್ನ ಹತ್ತಿರ ಆಗ 482 ಇತ್ತು. ನೂರಕ್ಕೂ ಜಾಸ್ತಿ ಅಂಕ ಉಳಿಸಿಕೊಂಡು ಒಳಗೆ ಹೋದೆ ಎಂದು ನಕ್ಕವರಿಗೆಲ್ಲ ಫೋನ್ ಮಾಡಿ ಹೇಳಿದ್ದೇನೆ, ಅದರಲ್ಲಿ ನನಗೇನೂ ಸಂಕೋಚವಿಲ್ಲ.

ಇದರಲ್ಲೊಂದು ತಮಾಷೆ ಇದೆ. ನನ್ನ ಹಳೆಯ 393 ಕೂಡ 379ಕ್ಕಿಂತ ಮೇಲೇ ಇದೆ, ಅಲ್ವಾ? ಅಂದರೆ ಆ ದಿನದ ಮಟ್ಟಿಗೆ ಬೇಕಾಗಿದ್ದು ಫ್ರೆಂಚ್‌ನಲ್ಲಿ ನಾಲ್ಕೂ ಎನ್‌ಸಿಎಲ್‌ಸಿ (ಸಿಎಲ್‌ಬಿ ಥರದ್ದೇ ಫ್ರೆಂಚ್ ಅಳತೆ) 7, ಅಷ್ಟೇ. ಎಲ್ಲರೂ 393 ಅನ್ನು 540 ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡಿದ್ದರು. 2023ರಲ್ಲಿ ಭಾಷೆ, ವೃತ್ತಿ ಎಂದು ವರ್ಗವಾರು ಡ್ರಾ ಶುರುವಾದ ಮೇಲೆ ನಾನು ಆ ಲೆಕ್ಕ ಬಿಟ್ಟು, ಕಡಿಮೆ ಜನ ನಿಂತಿರುವ ಸಾಲು ಯಾವುದು ಎಂದು ನೋಡಿದೆ.

ಹಾಗಂತ ಅಂಕ ಬಿಟ್ಟುಬಿಡಲಿಲ್ಲ. ಅದೇ ವರ್ಷ ಫೆಬ್ರವರಿಯ ಫ್ರೆಂಚ್ ಡ್ರಾ 428 ಇತ್ತು, ಕಟ್‌ಆಫ್ ಯಾವಾಗ ಎಷ್ಟಕ್ಕೆ ನಿಲ್ಲುತ್ತದೆ ಎಂದು ಹೇಳಲಾಗುವುದಿಲ್ಲ. ಡಿಗ್ರಿ ಜೊತೆ ಒಂದು ವರ್ಷದ ಡಿಪ್ಲೊಮಾ ಸೇರಿಸಿದೆ. ವಿದ್ಯಾಭ್ಯಾಸಕ್ಕೆ 7, ಸಿಎಲ್‌ಬಿ 9 ಇದ್ದುದರಿಂದ ಟ್ರಾನ್ಸ್‌ಫರೆಬಿಲಿಟಿಯಲ್ಲಿ (ಓದು, ಅನುಭವವನ್ನು ಭಾಷೆಯ ಜೊತೆ ಸೇರಿಸಿ ನೋಡಿ ಕೊಡುವ ಅಂಕ) 25, ಒಟ್ಟು 32 ಅಂಕ. ಮಾಸ್ಟರ್ಸ್ ಮಾಡಿದ್ದರೆ ಇನ್ನು ಏಳು ಸಿಗುತ್ತಿತ್ತು, ಆ ಏಳಕ್ಕಾಗಿ ಇನ್ನೊಂದು ವರ್ಷ, ಇನ್ನಷ್ಟು ದುಡ್ಡು ಯಾರಿಗೆ ಬೇಕು? ಯಾವ ಕೋರ್ಸ್ ಆರಿಸಿದೆ, ಇಸಿಎಯಲ್ಲಿ (ನಮ್ಮ ಓದು ಕೆನಡಾದ ಯಾವ ಓದಿಗೆ ಸಮ ಎಂದು ಹೇಳುವ ವರದಿ) ಅದು ಪೂರ್ತಿ ಒಂದು ವರ್ಷ ಎಂದೇ ಬರುತ್ತದೆ ಅಂತ ಸೇರುವ ಮೊದಲೇ ಹೇಗೆ ಖಚಿತ ಮಾಡಿಕೊಂಡೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅಲ್ಲಿಗೇ ನುಗ್ಗಿದರೆ ಕಷ್ಟ.

ಈಗ ಫ್ರೆಂಚ್. ಮೊದಲು ಗುಂಪಿನ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಸುಮಾರು 600 ಡಾಲರ್ ಹೋಯಿತು. ತಿಂಗಳುಗಟ್ಟಲೆ ನನ್ನ ಹೆಸರು ಇದು, ನನಗೆ ಇಬ್ಬರು ತಂಗಿಯರು ಎಂದು ಹೇಳಿಸುತ್ತಲೇ ಇದ್ದರು, ಅದರಲ್ಲಿ ಎನ್‌ಸಿಎಲ್‌ಸಿ 7 ಯಾವ ಜನ್ಮದಲ್ಲಿ ಬರಬೇಕು. ಬಿಟ್ಟು ಒಬ್ಬರೇ ಟ್ಯೂಟರ್ ಹಿಡಿದೆ, ವಾರಕ್ಕೆ ಎರಡು ಗಂಟೆ, ಗಂಟೆಗೆ 25 ಡಾಲರ್ ಆಸುಪಾಸು. ಉಳಿದದ್ದು ನನ್ನದೇ ಓದು, ದಿನಕ್ಕೆ ಎರಡು ಗಂಟೆ, ರಜೆಯಲ್ಲಿ ಜಾಸ್ತಿ.

ಫ್ರೆಂಚ್ ಪರೀಕ್ಷೆಗಳಲ್ಲಿ ಟಿಇಎಫ್ ಬಿಟ್ಟು ಟಿಸಿಎಫ್ ಕೆನಡಾ ಆರಿಸಿದೆ, ಹತ್ತಿರದಲ್ಲಿ ಅದರ ಸೀಟು ಸಿಕ್ಕಿತು ಎನ್ನುವುದೇ ಮುಖ್ಯ ಕಾರಣ. ಮೊದಲ ಸಲ ಓದುವುದು, ಬರೆಯುವುದು, ಮಾತು ಮೂರೂ ದಾಟಿತು. ಕೇಳುವುದರಲ್ಲಿ 458 ಬೇಕು, ನನಗೆ ಬಂದದ್ದು 430ರ ಹತ್ತಿರ. ಒಂದರಲ್ಲಿ ಕೆಳಗಿಳಿದರೂ ನಾಲ್ಕರಲ್ಲೂ 7 ಬಂದವರಿಗೆ ಸಿಗುವ 50 ಬೋನಸ್ ಅಂಕ ಇಲ್ಲ, ಫ್ರೆಂಚ್ ವರ್ಗವೂ ಇಲ್ಲ, ಸುಮಾರು 350 ಡಾಲರ್ ನೀರಿಗೆ ಬಿತ್ತು. 39 ಪ್ರಶ್ನೆ, 35 ನಿಮಿಷ, ಆಡಿಯೊ ಒಂದೇ ಸಲ. ಸುಲಭದಿಂದ ಕಷ್ಟಕ್ಕೆ ಹೋಗುತ್ತದೆ, ಕೊನೆಯವು ಹೇಗೂ ನಮ್ಮಂಥವರಿಗಲ್ಲ. ಅಲ್ಲಿ ಒದ್ದಾಡುವುದು ಬಿಟ್ಟು ಮಧ್ಯದ ಪ್ರಶ್ನೆಗಳಲ್ಲಿ ಒಂದನ್ನೂ ಬಿಡಬಾರದು ಎಂದು ಅದಕ್ಕೇ ತಯಾರಿ ಮಾಡಿದೆ. ಟಿವಿ5ಮೊಂಡ್ ಸೈಟಿನ ಟಿಸಿಎಫ್ ಅಭ್ಯಾಸ ಪರೀಕ್ಷೆ ಮುಗಿಸಿ, ಆರ್‌ಎಫ್‌ಐ ರೇಡಿಯೊದ ಸುಲಭ ಫ್ರೆಂಚ್ ಸುದ್ದಿಯನ್ನು ಒಂದೂಕಾಲು ಪಟ್ಟು ವೇಗದಲ್ಲಿ ಕೇಳುತ್ತಿದ್ದೆ. ಆಮೇಲೆ ಪರೀಕ್ಷೆಯ ವೇಗ ನಿಧಾನ ಅನ್ನಿಸತೊಡಗಿತು.

ಮುಂದಿನ ಸಲ ಕೇಳುವುದು ಆಯಿತು, ಮಾತಿನಲ್ಲಿ 10ರ ಬದಲು 9! ಎರಡನೇ ಟಾಸ್ಕ್‌ನಲ್ಲಿ ನಾವೇ ಪರೀಕ್ಷಕರಿಗೆ ಪ್ರಶ್ನೆ ಕೇಳಬೇಕಲ್ಲ, ಅಲ್ಲಿ ಪ್ರಶ್ನೆ ಖಾಲಿಯಾಗಿ ಕೂತುಬಿಟ್ಟೆ. ಟ್ಯೂಟರ್ ಜೊತೆ ಕೂತು, ಮನೆ ಬಾಡಿಗೆಯಿಂದ ಹಿಡಿದು ಈಜು ಕ್ಲಾಸಿನವರೆಗೆ ಯಾವ ವಿಷಯ ಕೊಟ್ಟರೂ ಓಡುವಂಥ ಪ್ರಶ್ನೆಗಳ ಒಂದು ಸರಪಳಿ ಮಾಡಿಕೊಂಡೆ. ಅದನ್ನು ಕೊಡಿ ಎಂದು ಕೇಳಬೇಡಿ, ನೀವೇ ಮಾಡಿಕೊಂಡರಷ್ಟೇ ಬಾಯಿಗೆ ಬರುತ್ತದೆ. ಕೊನೆಗೂ ನಾಲ್ಕೂ ದಾಟಿದವು. ಎರಡನೇ ಭಾಷೆಗೆ 12, ಬೋನಸ್ 50. ಅಷ್ಟರಲ್ಲಿ 36 ತುಂಬಿ ಐದು ಹೋಗಿತ್ತು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಹೆಂಡತಿ ನನಗಿಂತ ಚಿಕ್ಕವಳು, ಅವಳನ್ನೇ ಮುಖ್ಯ ಅರ್ಜಿದಾರಳನ್ನಾಗಿ ಮಾಡಿದರೆ ವಯಸ್ಸಿನ ಅಂಕ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಅವಳ ಇಂಗ್ಲಿಷ್ ಸಿಎಲ್‌ಬಿ 8. ಅಷ್ಟಕ್ಕೇ ಭಾಷೆಯಲ್ಲಿ 28 ಅಂಕ ಕಡಿಮೆ, ಟ್ರಾನ್ಸ್‌ಫರೆಬಿಲಿಟಿಯೂ ಅರ್ಧ. ಪ್ಲಾನ್ ಅಲ್ಲಿಗೇ ಮುಗಿಯಿತು, ಅವಳು ನಕ್ಕಳು. ಸಿಎಲ್‌ಬಿ 10 ಸಿಗಬಹುದೆಂದು ಪಿಟಿಇ ಕೋರ್ ಎನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬರೆದೆ, ಮತ್ತೆ 9ಕ್ಕೇ ನಿಂತಿತು. ಆದರೆ ಹಳೆಯ ಐಇಎಲ್‌ಟಿಎಸ್‌ನ ಎರಡು ವರ್ಷ ಮುಗಿಯುತ್ತಾ ಬಂದಿತ್ತು, ಅರ್ಜಿ ಹಾಕುವ ದಿನ ಫಲಿತಾಂಶ ಚಾಲ್ತಿಯಲ್ಲಿರಬೇಕು, ಹಾಗಾಗಿ ಆ ಖರ್ಚು ಅಲ್ಲಿ ಉಪಯೋಗಕ್ಕೆ ಬಂತು.

ಪರಿಚಯದವರೊಬ್ಬರು ದುಡ್ಡು ಕೊಟ್ಟು ಜಾಬ್ ಆಫರ್ ತೆಗೆದುಕೊಳ್ಳೋಣ, 50 ಅಂಕ ಬರುತ್ತದೆ ಎಂದು ನನ್ನನ್ನೂ ಕರೆದಿದ್ದರು. ಹತ್ತಾರು ಸಾವಿರ ಡಾಲರ್ ಮಾತು. ಸುಳ್ಳು ಸಿಕ್ಕಿಬಿದ್ದರೆ ಐದು ವರ್ಷ ನಿಷೇಧ ಎಂದು ನಾನು ಹೋಗಲಿಲ್ಲ. 2025ರ ಮಾರ್ಚ್ 25ರಂದು ಜಾಬ್ ಆಫರ್ ಅಂಕವನ್ನೇ ತೆಗೆದುಹಾಕಿದರು, ನನಗೆ ಆಹ್ವಾನ ಬಂದ ನಾಲ್ಕೇ ದಿನಕ್ಕೆ. ಅವರ ದುಡ್ಡಿನ ಕಥೆ ಏನಾಯಿತು ಎಂದು ಕೇಳುವ ಧೈರ್ಯ ನನಗಿಲ್ಲ.

ನನ್ನ ಖರ್ಚು: ಟ್ಯೂಟರ್‌ಗೆ ಎರಡೂವರೆ ಸಾವಿರ ಡಾಲರ್ ಇರಬಹುದು, ಪರೀಕ್ಷೆಗಳೆಲ್ಲ ಸೇರಿ ಸಾವಿರದ ಮೇಲೆ, ಡಿಪ್ಲೊಮಾ ಮತ್ತು ಇಸಿಎಗೆ ಇನ್ನೊಂದು ಸಾವಿರ. ಸರ್ಕಾರದ ಫೀಸು ಆಗ ತಲೆಗೆ 1,525 ಇತ್ತು, ಬಯೊಮೆಟ್ರಿಕ್ಸ್ ಬೇರೆ. ಇಬ್ಬರಿಗೆ 18 ಸಾವಿರದ ಮೇಲೆ ಸೆಟಲ್‌ಮೆಂಟ್ ಫಂಡ್ (ಅಲ್ಲಿ ನೆಲೆಯೂರಲು ಕೈಯಲ್ಲಿರಬೇಕಾದ ಹಣ) ತೋರಿಸಬೇಕಿತ್ತು. ಅದು ಖರ್ಚಲ್ಲ, ಆದರೆ ಆರು ತಿಂಗಳ ಬ್ಯಾಲೆನ್ಸ್ ಕಾಣಬೇಕು, ಹಾಗಾಗಿ ಪರೀಕ್ಷೆ ಬರೆಯುತ್ತಿರುವಾಗಲೇ ಆ ಹಣವನ್ನು ಒಂದು ಖಾತೆಯಲ್ಲಿಟ್ಟು ಮುಟ್ಟದೆ ಬಿಟ್ಟಿದ್ದೆ.

ಆಹ್ವಾನ ಬಂದ ಮೇಲೆ ಸಿಗುವುದು 60 ದಿನ. ಹಳೆಯ ಕಂಪನಿಗಳಿಂದ ಕೆಲಸದ ವಿವರ, ವಾರದ ಗಂಟೆ, ಸಂಬಳ ಬರೆದ ಪತ್ರ ತರುವುದಕ್ಕೇ ಎಷ್ಟೋ ಜನ ಅದರಲ್ಲಿ ಅರ್ಧ ಕಳೆದುಕೊಳ್ಳುತ್ತಾರೆ. ನಾನು ಫ್ರೆಂಚ್ ಕ್ಲಾಸಿಗೆ ಸೇರಿದ ಹೊತ್ತಿಗೇ ಎಲ್ಲ ಪತ್ರ ತಂದಿಟ್ಟಿದ್ದೆ. ಒಬ್ಬ ಹಳೆಯ ಮ್ಯಾನೇಜರ್ "ಪಾಸಾದ ಮೇಲೆ ಕೇಳಪ್ಪ" ಎಂದಿದ್ದರು. ಪತ್ರ ಕೊಟ್ಟು ಮೂರು ತಿಂಗಳಿಗೆ ಅವರೇ ಆ ಕೆಲಸ ಬಿಟ್ಟರು.